ಬೇಳೆ ಯಾಕೆ ಬೇಯಲ್ಲ ಅಂತ ಮಗಳಿಗೆ ಒಲೆ ಮುಂದೆ ತೋರಿಸಿ

ತುಮಕೂರಿನ ಓದುಗರೊಬ್ಬರ ಕಾಗದ: "ಎಂಟನೇ ಕ್ಲಾಸಿನ ಮಗಳಿಗೆ ನುಡಿಗಟ್ಟು ಉರು ಹೊಡೆಸಿ ಸಾಕಾಗಿದೆ. 'ಗಾಳಿಗೆ ತೂರು' ಅಂದ್ರೇನು ಅಂತ ದಿನಾ ತಲೆ ತಿಂತಾಳೆ. ಕಣಾನೇ ನೋಡದ ಮಕ್ಕಳಿಗೆ ಈ ಹಳೇ ಮಾತೆಲ್ಲ ಯಾಕೆ? ನಿಮ್ಮ ಕೊನೆ ಪುಟದ ನುಡಿಗಟ್ಟಿನ ಅಂಕಣ ನಿಲ್ಲಿಸಿ, ನೇರ ಕನ್ನಡ ಬರೀರಿ."

ಸಂಪಾದಕರ ಉತ್ತರ:

ನಮಸ್ಕಾರ ಸರ್. ಉರು ಹೊಡೆಸೋದು ತಪ್ಪು, ಒಪ್ಪಿದೆ. ಆದ್ರೆ "ತಲೆ ತಿಂತಾಳೆ" ಅಂತ ನೀವೇ ಬರೆದಿದೀರಲ್ಲ, ಅದನ್ನ ನಿಮಗೆ ಯಾರು ಉರು ಹೊಡೆಸಿದ್ರು? ಎಷ್ಟು ಸಲೀಸಾಗಿ ಬಂತು ನೋಡಿ. ಅದು ಮಗಳಿಗೆ ಬೇಡ್ವಾ?

ನಮ್ಮಜ್ಜಿ ರಾಗಿ ತೂರೋದು ನಾನು ಕಣದ ಅಂಚಲ್ಲಿ ಕೂತು ನೋಡಿದೀನಿ. ಗಾಳಿ ಏಳೋ ತನಕ ಕಾಯ್ತಿದ್ಲು, ಆಮೇಲೆ ಮೊರ ತಲೆಮಟ್ಟಕ್ಕೆ ಎತ್ತಿ ಮೆಲ್ಲಗೆ ಅಲ್ಲಾಡಿಸ್ತಿದ್ಲು, ಕಾಳು ಕಾಲಬುಡಕ್ಕೆ ಸುರೀತಿತ್ತು, ಹೊಟ್ಟು ಹಾರಿ ಬೇಲಿಗೆ ಹೋಗಿ ಅಂಟ್ಕೋತಿತ್ತು. ಕೊಟ್ಟ ಮಾತನ್ನ ಗಾಳಿಗೆ ತೂರಿದ ಅಂದಾಗ ನನಗೆ ಆ ಬೇಲಿ ಕಾಣ್ಸುತ್ತೆ, ಕಾಳಾಗಿ ಉಳೀಬೇಕಿದ್ದ ಮಾತು ಹೊಟ್ಟಾಗಿ ಹೋಯ್ತಲ್ಲ ಅಂತ. "ಮಾತು ಪಾಲಿಸಲಿಲ್ಲ" ಅಂದ್ರೆ ಇಷ್ಟು ಹೊಟ್ಟೆ ಉರಿಯುತ್ತಾ?

ಕಣ ಬೇಡ, ಅಡುಗೆಮನೆ ಇದೆಯಲ್ಲ. ಬೋರ್‌ವೆಲ್‌ನ ಗಡಸು ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ, ಅದರಲ್ಲಿ ತೊಗರಿಬೇಳೆ ಎಷ್ಟು ಕುದಿಸಿದ್ರೂ ಗಟ್ಟಿ ಗಟ್ಟಿ ಉಳಿಯುತ್ತೆ. ಒಂದಿನ ಮಗಳನ್ನ ಒಲೆ ಮುಂದೆ ನಿಲ್ಸಿ, ಕುಕ್ಕರ್ ಬಿಟ್ಟು ಬರೀ ಪಾತ್ರೇಲಿ ಬೋರ್ ನೀರಲ್ಲಿ ಒಂದು ಹಿಡಿ, ಆರ್‌ಓ ಫಿಲ್ಟರ್ ನೀರಲ್ಲಿ ಒಂದು ಹಿಡಿ ಬೇಯಿಸಿ ತೋರಿಸಿ. "ನಿನ್ನ ಬೇಳೆ ಇಲ್ಲಿ ಬೇಯಲ್ಲ" ಅನ್ನೋದನ್ನ ಆಮೇಲೆ ಅವಳಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಹಳೇದು ಅಂತೀರಿ. ಹಳೇದು ಇದೆ, "ಅತ್ತ ದರಿ ಇತ್ತ ಪುಲಿ"ಲಿ ಇರೋದು ಹಳಗನ್ನಡದ ಪುಲಿ. ಪುಲಿ ಹುಲಿಯಾಗಿ ನೂರಾರು ವರ್ಷ ಆದ್ರೂ ಆ ಒಂದು ಮಾತಲ್ಲಿ ಇನ್ನೂ ಉಸಿರಾಡ್ತಿದೆ. ಆದ್ರೆ ಬೆಂಗಳೂರಿಗೆ ರೈಲು ಬಂದಿದ್ದು 1864ರಲ್ಲಿ, "ರೈಲು ಬಿಡ್ಬೇಡ" ಅನ್ನೋದು ಅದಕ್ಕಿಂತ ಹಳೇದಾಗಿರೋಕೆ ಸಾಧ್ಯಾನಾ? ಬಾಸ್‌ಗೆ "ಬಕೆಟ್ ಹಿಡಿಯೋದು" ಯಾವ ಪಠ್ಯಪುಸ್ತಕದಿಂದ ಬಂತು? ಜನ ಇವತ್ತೂ ಕಟ್ತಾನೇ ಇದಾರೆ ಸರ್. ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರು 1991ರಲ್ಲಿ ಪ್ರಜಾವಾಣಿಲಿ "ಇಗೋ ಕನ್ನಡ" ಶುರು ಮಾಡಿ ವರ್ಷಗಟ್ಟಲೆ ಓದುಗರ ಪ್ರಶ್ನೆಗಳಿಗೆ ಉತ್ತರ ಬರೆದ್ರು, ಜನಕ್ಕೆ ಬೇಡವಾಗಿದ್ರೆ ಅಷ್ಟು ಕಾಗದ ಬರ್ತಿತ್ತಾ?

ನನ್ನ ಸಂಕಟ ಬೇರೇನೇ ಇದೆ. ನಮಗೆ ಬರೋ ಕಥೆಗಳಲ್ಲಿ, ಟೀವಿ ಜಾಹೀರಾತಲ್ಲಿ ಈಗ "ದಿನದ ಕೊನೆಯಲ್ಲಿ ಎಲ್ಲರೂ ಮನುಷ್ಯರೇ" ಅಂತಿರುತ್ತೆ, ಇಂಗ್ಲಿಷಿನ "ಅಟ್ ದಿ ಎಂಡ್ ಆಫ್ ದ ಡೇ"ನ ಪಡಿಯಚ್ಚು. ದಿನದ ಕೊನೇಲಿ ನಮ್ಮೂರಲ್ಲಿ ದೀಪ ಹಚ್ತಾರೆ, ಅಷ್ಟೇ. "ಎಷ್ಟಾದ್ರೂ ಮನುಷ್ಯರೇ" ಅಂದ್ರೆ ಮುಗೀತಿತ್ತು. ನಿಮ್ಮ ನೇರ ಕನ್ನಡ ಕೊನೆಗೆ ಇಂಗ್ಲಿಷಿನ ನೆರಳಾಗಿ ಬಿಡುತ್ತೆ ಅನ್ನೋದೇ ನನ್ನ ಭಯ.

ಅಂಕಣ ನಿಲ್ಸಲ್ಲ, ಕ್ಷಮಿಸಿ. ಮಗಳ ಕ್ಲಾಸಲ್ಲಿ ಹುಡುಗೀರು ತಮ್ಮತಮ್ಮಲ್ಲೇ ಆಡ್ಕೊಳೋ ಹೊಸ ಮಾತು ನಾಲ್ಕೈದು ಅವಳ ಕೈಲೇ ಬರೆಸಿ ಕಳ್ಸಿ, ಮುಂದಿನ ಸಂಚಿಕೆಲಿ ಆ ಜಾಗ ಅವಳದ್ದು.