ಗ್ಯಾಸ್ ವಾಸನೆ ಬಂದ್ರೆ ಫ್ಯಾನ್ ಹಾಕ್ಬೇಡಿ, ಇನ್ನೆಷ್ಟು ಸಲ ಹೇಳೋದು?

ಪ್ರತಿ ವರ್ಷ ಏಪ್ರಿಲ್ 14ರಿಂದ 20ರ ತನಕ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಬಾಂಬೆ ಬಂದರಲ್ಲಿ ಹಡಗು ಸಿಡಿದಾಗ ಬೆಂಕಿ ಆರಿಸೋಕೆ ಹೋಗಿ ಸತ್ತ ಫೈರ್‌ಮೆನ್‌ಗಳ ನೆನಪಿಗೆ ಅದು. ಆ ವಾರ ಸ್ಕೂಲು ಕಾಲೇಜಲ್ಲಿ ಡೆಮೊ ಇಡ್ತೀವಿ, ಪೌಡರ್ ಹೊಡೆದು ಬೆಂಕಿ ಆರಿಸಿ ತೋರಿಸ್ತೀವಿ, ಮಕ್ಕಳು ಚಪ್ಪಾಳೆ ತಟ್ಟಿ ಫೋಟೊ ತೆಗೆಸ್ಕೊಂಡು ಹೋಗ್ತಾರೆ. ಮೇ ತಿಂಗಳಿಗೆ ನಂಗೆ ಮತ್ತೆ ಅದೇ ಪ್ರಶ್ನೆಗಳು. ಹಂಗಾಗಿ ಈ ಸಲ ಒಂದಕ್ಕೇ ಉದ್ದಕ್ಕೆ ಬರೀತೀನಿ, ಮಿಕ್ಕಿದ್ದಕ್ಕೆ ಎಷ್ಟು ಬೇಕೋ ಅಷ್ಟು.

ಪ್ರಶ್ನೆ: ಸಾರ್, ನಾವಿರೋದು ತುಮಕೂರು ಶಿರಾ ಗೇಟ್ ಹತ್ರ. ಮೊನ್ನೆ ಬೆಳಗಿನ ಜಾವ ಎದ್ದಾಗ ಅಡುಗೆಮನೆ ತುಂಬ ಗ್ಯಾಸ್ ವಾಸನೆ. ನಮ್ಮ ಯಜಮಾನ್ರು ತಕ್ಷಣ ಲೈಟ್ ಹಾಕಿ ಎಕ್ಸಾಸ್ಟ್ ಫ್ಯಾನ್ ಆನ್ ಮಾಡಿದ್ರು, ಏನೂ ಆಗ್ಲಿಲ್ಲ. ನಮ್ಮತ್ತೆ ಹೇಳ್ತಾರೆ ಬೆಂಕಿಕಡ್ಡಿ ಗೀರಿ ಪೈಪ್ ಹತ್ರ ಹಿಡಿದ್ರೆ ಎಲ್ಲಿ ಲೀಕ್ ಅಂತ ಗೊತ್ತಾಗುತ್ತಂತೆ. ಯಾವುದು ಸರಿ?

ಎರಡೂ ತಪ್ಪು ಕಣಮ್ಮ. ಏನೂ ಆಗ್ಲಿಲ್ಲ ಅಂದ್ರೆ ಯಜಮಾನ್ರು ಮಾಡಿದ್ದು ಸರಿ ಅಂತಲ್ಲ, ನಿಮ್ಮ ಅದೃಷ್ಟ ಗಟ್ಟಿ ಇತ್ತು ಅಷ್ಟೇ. ಅತ್ತೆಯವರಿಗೆ ನನ್ನ ಹೆಸರು ಹೇಳಿ, ಬೆಂಕಿಪೊಟ್ಟಣ ಅವರ ಕೈಗೆ ಸಿಗದ ಹಾಗೆ ಇಡಿ.

ಅಡುಗೆ ಗ್ಯಾಸು ಗಾಳಿಗಿಂತ ಹೆಚ್ಚುಕಮ್ಮಿ ಒಂದೂವರೆಯಿಂದ ಎರಡು ಪಟ್ಟು ಭಾರ. ಲೀಕ್ ಆದ್ರೆ ಮೇಲಕ್ಕೆ ಹೋಗಲ್ಲ, ಚೆಲ್ಲಿದ ನೀರಿನ ಥರ ನೆಲದ ಮೇಲೇ ಹರಡ್ಕೊಂಡು ಕಟ್ಟೆ ಕೆಳಗೆ, ಫ್ರಿಜ್ ಹಿಂದೆ, ಬಚ್ಚಲ ತೂಬಿನ ಒಳಗೆ ಹೋಗಿ ಕೂರುತ್ತೆ. ನಿಮ್ಮ ಎಕ್ಸಾಸ್ಟ್ ಫ್ಯಾನ್ ಎಲ್ಲಿದೆ? ಸೂರಿನ ಹತ್ರ. ಅದು ಎಳೆಯೋದು ಮೇಲಿನ ಗಾಳಿನ, ಗ್ಯಾಸ್ ಇರೋದು ನಿಮ್ಮ ಕಾಲ ಬುಡದಲ್ಲಿ. ಸಾಲದ್ದಕ್ಕೆ ಸ್ವಿಚ್ ಒತ್ತಿದಾಗ ಒಳಗೆ ಸಣ್ಣದೊಂದು ಕಿಡಿ ಹಾರುತ್ತೆ, ಗಾಳಿಯಲ್ಲಿ ನೂರಕ್ಕೆ 2 ಭಾಗ ಗ್ಯಾಸ್ ಸೇರಿದ್ರೆ ಹೊತ್ಕೊಳ್ಳೋಕೆ ಆ ಕಿಡಿನೇ ಸಾಕು. ಆನ್ ಮಾಡಿದ್ರೆ ಮಾತ್ರ ಕಿಡಿ ಅನ್ಕೋಬೇಡಿ, ಆಫ್ ಮಾಡಿದ್ರೂ ಕಿಡಿನೇ. ಅದಕ್ಕೇ ಹೇಳೋದು, ಉರೀತಿರೋ ಲೈಟು ಉರೀತಾನೇ ಇರ್ಲಿ, ಆರಿರೋದು ಆರೇ ಇರ್ಲಿ. ಚಿಮ್ನಿ ಹಾಕಿಸಿದ್ದೀವಿ ಸಾರ್ ಅಂತಾರೆ ಕೆಲವರು, ಚಿಮ್ನಿನೂ ಕರೆಂಟಿಂದಲೇ ತಾನೆ ಓಡೋದು?

ಸರಿ, ಮಾಡ್ಬೇಕಾಗಿದ್ದು ಏನು? ಸ್ಟೌ ನಾಬು, ರೆಗ್ಯುಲೇಟರ್ ಎರಡೂ ಆಫ್ ಮಾಡಿ. ದೇವರ ಮನೆ ದೀಪ, ಊದುಬತ್ತಿ ಇದ್ರೆ ಆರಿಸಿ. ಬಾಗಿಲು ತೆಗೀರಿ, ಕಿಟಕಿ ಆಮೇಲೆ ನೋಡೋಣ, ಯಾಕಂದ್ರೆ ಬಾಗಿಲು ನೆಲದ ತನಕ ಇರುತ್ತೆ, ಗ್ಯಾಸ್ ಹೊರಗೆ ಹೋಗೋದು ಅಲ್ಲಿಂದ್ಲೇ. ಎಲ್ರನ್ನೂ ಎಬ್ಬಿಸ್ಕೊಂಡು ಹೊರಗೆ ಬನ್ನಿ. ಫೋನ್ ಮಾಡೋದು ರೋಡಿಗೆ ಬಂದ ಮೇಲೆ: ಲೀಕಿಗೆ 1906, ಅದು 24 ಗಂಟೆನೂ ಇರುತ್ತೆ, ಬೆಂಕಿ ಆಗಿದ್ರೆ 101 ಅಥವಾ 112. ಪಕ್ಕದ ಮನೆಯೋರು ವಾಸನೆ ಬಂತು ಅಂತ ನಿಮ್ಮ ಕಾಲಿಂಗ್ ಬೆಲ್ ಒತ್ತೋಕೆ ಬರ್ತಾರೆ, ಅದೂ ಸ್ವಿಚ್ಚೇ, ಬಾಗಿಲು ಬಡೀರಿ ಅಂತ ಮೊದಲೇ ಹೇಳಿಡಿ.

ಇನ್ನೊಂದು ವಿಷಯ, ಇದನ್ನ ಡೆಮೊದಲ್ಲಿ ಹೇಳೋಕೆ ಟೈಮೇ ಸಿಗಲ್ಲ. ಫ್ರಿಜ್ಜು ತಾನಾಗೇ ಆನ್ ಆಫ್ ಆಗ್ತಿರುತ್ತೆ, ಹಂಗಾಗಿ ಮೇನ್ ಸ್ವಿಚ್ ಆಫ್ ಮಾಡಿ ಅಂತ ಎಲ್ಲರೂ ಹೇಳ್ಬಿಡ್ತಾರೆ. ಮೀಟರ್ ಬೋರ್ಡ್ ಹೊರಗಡೆ ಗೇಟ್ ಹತ್ರ ಇದ್ದು ಅಲ್ಲಿ ವಾಸನೆ ಇಲ್ದೆ ಇದ್ರೆ ಆಫ್ ಮಾಡಬಹುದು, ಸರಿ. ಆದ್ರೆ ಮನೇಲಿ ಯುಪಿಎಸ್ ಇದ್ಯಾ ನೋಡ್ಕೊಳ್ಳಿ. ನಮ್ಮ ಕಡೆ ಮೆಟ್ಟಿಲ ಕೆಳಗೋ ಅಡುಗೆಮನೆ ಪಕ್ಕದ ಸಂದಿಯಲ್ಲೋ ಇಟ್ಟಿರ್ತಾರೆ. ಮೇನ್ ಆಫ್ ಮಾಡಿದ ತಕ್ಷಣ ಕರೆಂಟ್ ಹೋಯ್ತು ಅನ್ಕೊಂಡು ಅದು ಟಕ್ ಅಂತ ಬ್ಯಾಟರಿಗೆ ಬದಲಾಗುತ್ತೆ, ಕಿಡಿ ಅಲ್ಲೇ. ಒಳಗೆ ಯುಪಿಎಸ್ ಇರೋ ಮನೇಲಿ ಮೇನ್ ಮುಟ್ಟೋ ಗೋಜಿಗೇ ಹೋಗ್ಬೇಡಿ, ಹೊರಗೆ ನಡೀರಿ. ಕೆಲವರಿಗೆ ಇದು ಅತಿ ಅನ್ನಿಸಬಹುದು, ಅನ್ನಿಸ್ಲಿ ಬಿಡಿ.

ಲೀಕ್ ಎಲ್ಲಿ ಅಂತ ನೋಡೋದು ವಾಸನೆ ಪೂರ್ತಿ ಹೋದ ಮೇಲೆ, ಅದೂ ಸೋಪಿನ ನೀರಲ್ಲಿ. ಒಂದು ಲೋಟದಲ್ಲಿ ಸೋಪು ಕದಡಿ, ರೆಗ್ಯುಲೇಟರ್ ಸುತ್ತ, ಪೈಪಿನ ಎರಡು ತುದಿಗೆ ಹಚ್ಚಿದ್ರೆ ಲೀಕ್ ಇರೋ ಕಡೆ ಗುಳ್ಳೆ ಏಳುತ್ತೆ. ಬಹಳ ಸಲ ತಪ್ಪು ಇರೋದು ಸಿಲಿಂಡರ್ ಬಾಯಿ ಒಳಗಿನ ಕಪ್ಪು ರಬ್ಬರ್ ವಾಷರ್‌ದು. ಬೆರಳಿನ ಉಂಗುರಕ್ಕಿಂತ ಚಿಕ್ಕದು, ಸೀಳಿರುತ್ತೆ, ಇಲ್ಲಾಂದ್ರೆ ಇರೋದೇ ಇಲ್ಲ. ಹೊಸ ಸಿಲಿಂಡರ್ ಬಂದಾಗ ತರೋ ಹುಡುಗ ಗಾಡಿ ಹತ್ತೋಕೆ ಮುಂಚೆ ಕ್ಯಾಪ್ ತೆಗೆಸಿ ನೋಡಿ, ಸ್ವಲ್ಪ ಗೊಣಗ್ತಾನೆ, ಪರವಾಗಿಲ್ಲ. ದಾರ ಕಟ್ಟಿರೋ ಆ ಪ್ಲಾಸ್ಟಿಕ್ ಕ್ಯಾಪನ್ನ ಬಿಸಾಕ್ಬೇಡಿ, ರೆಗ್ಯುಲೇಟರ್ ತೆಗೆದ ಮೇಲೂ ಗ್ಯಾಸ್ ಸುಯ್ ಅಂತಿದ್ರೆ ಅದನ್ನೇ ಒತ್ತಿ ಕೂರಿಸ್ಬೇಕು. ಪೈಪು ಐದು ವರ್ಷಕ್ಕೊಮ್ಮೆ ಬದಲಾಯಿಸಿ, ಅದರ ಮೇಲೇ ಇಸವಿ ಇರುತ್ತೆ.

ಈ ಪೈಪಿನ ಹೆಸರಲ್ಲೇ ಒಂದು ದಂಧೆ ಇದೆ. ಕೊರಳಿಗೆ ಕಾರ್ಡ್ ನೇತಾಕ್ಕೊಂಡು "ಗ್ಯಾಸ್ ಕಂಪನಿಯಿಂದ ಚೆಕಿಂಗ್ ಬಂದಿದ್ದೀವಿ" ಅಂತ ಮಧ್ಯಾಹ್ನ ಗಂಡಸರಿಲ್ಲದ ಹೊತ್ತಲ್ಲಿ ಒಳಗೆ ಬಂದು, ಚೆನ್ನಾಗಿರೋ ಪೈಪ್ ಕಿತ್ತಾಕಿ, ಯಾವುದೋ ಸೇಫ್ಟಿ ಡಿವೈಸ್ ಅಂತ ಸಿಕ್ಕಿಸಿ ದುಡ್ಡು ಕಿತ್ಕೊಂಡು ಹೋಗ್ತಾರೆ. ಅವರು ಜೋಡಿಸಿದ ಹೆಚ್ಚುವರಿ ಜಾಯಿಂಟೇ ಆಮೇಲೆ ಲೀಕ್ ಆಗೋದು. ಬಾಗಿಲಲ್ಲೇ ನಿಲ್ಲಿಸಿ, ಗ್ಯಾಸ್ ಬುಕ್ಕಲ್ಲಿರೋ ನಂಬರಿಗೆ ಏಜೆನ್ಸಿಗೆ ಫೋನ್ ಮಾಡಿ ಕೇಳಿ. ಕಳ್ಳ ಆದ್ರೆ ನೀವು ಡಯಲ್ ಮಾಡ್ತಿರೋವಾಗ್ಲೇ ಜಾಗ ಖಾಲಿ ಮಾಡ್ತಾನೆ.

ಪ್ರಶ್ನೆ: ಪೈಪಿಗೆ ಹತ್ತಿದ ಬೆಂಕಿ ಒಳಗೆ ಹೋಗಿ ಸಿಲಿಂಡರ್ ಬ್ಲಾಸ್ಟ್ ಆಗುತ್ತಾ?

ಒಳಗೆ ಉರಿಯೋಕೆ ಗಾಳಿನೇ ಇಲ್ಲ, ಬೆಂಕಿ ಒಳಗೆ ಹೋಗಲ್ಲ. "ಸಿಲಿಂಡರ್ ಬ್ಲಾಸ್ಟ್" ಅಂತ ನೀವು ಓದೋದ್ರಲ್ಲಿ ಎಷ್ಟೋ ರೂಮಲ್ಲಿ ತುಂಬಿದ ಗ್ಯಾಸ್ ಹೊತ್ಕೊಂಡಿದ್ದು, ಸಿಲಿಂಡರ್ ಹಂಗೇ ಇರುತ್ತೆ. ಬೆಂಕಿ ಮಧ್ಯೆ ಸಿಲಿಂಡರ್ ತುಂಬಾ ಹೊತ್ತು ಕಾದ್ರೆ ಮಾತ್ರ ಸಿಡಿಯುತ್ತೆ, ಆಗ ಹತ್ರ ಹೋಗೋದು ನಿಮ್ಮ ಕೆಲಸ ಅಲ್ಲ.

ಪ್ರಶ್ನೆ: ಸಿಲಿಂಡರ್ ಮೇಲೆ ಬಿ-28 ಅಂತಿದೆ, ಗ್ಯಾಸ್ ಎಕ್ಸ್‌ಪೈರಿನಾ?

ಅಲ್ಲ. 2028ರ ಏಪ್ರಿಲ್‌ನಿಂದ ಜೂನ್ ಒಳಗೆ ಆ ಸಿಲಿಂಡರನ್ನ ಮತ್ತೆ ಟೆಸ್ಟ್ ಮಾಡಿಸ್ಬೇಕು ಅಂತ. ವಾಟ್ಸಾಪ್ ಸ್ವಲ್ಪ ಕಮ್ಮಿ ನೋಡಿ.

ಪ್ರಶ್ನೆ: ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಹೋಟೆಲ್ ಇಡ್ತಿದ್ದೀನಿ, ಶುರುವಿಗೆ ಮನೆ ಸಿಲಿಂಡರ್ ಇಟ್ಕೊಂಡ್ರೆ ನಡೆಯುತ್ತಾ?

ನಡೆಯಲ್ಲ. 14.2 ಕೆಜಿದು ಮನೆಗೆ, ಹೋಟೆಲಿಗೆ 19 ಕೆಜಿದು. ಕಾನೂನೂ ತಪ್ಪು, ಇಡ್ಲಿ ಬೇಯಿಸೋ ದೊಡ್ಡ ಒಲೆಗೆ ಮನೆ ರೆಗ್ಯುಲೇಟರ್ ಸಾಲದೆ ನೀವು ಇನ್ನೇನೋ ಕಿತಾಪತಿ ಮಾಡ್ತೀರ.

ಪ್ರಶ್ನೆ: ನಮ್ದು ತಿಪಟೂರು ಕಡೆ. ಅಟ್ಟದ ತುಂಬ ಉಂಡೆ ಕೊಬ್ಬರಿಗೆ ಕಾಯಿ ಹಾಕಿದ್ದೀವಿ, ಬೆಂಕಿ ಭಯ ಇದ್ಯಾ?

ಅಟ್ಟದಲ್ಲಿರೋ ಕಾಯಿ ಸುಮ್ಮನೆ ಹೊತ್ಕೊಳ್ಳಲ್ಲ, ಅದರ ಪಕ್ಕ ಹಾದುಹೋಗಿರೋ ಹಳೇ ವೈರು ನೋಡಿ. ಇಲಿ ಕಡಿದಿರುತ್ತೆ, ಟೇಪ್ ಸುತ್ತಿ ಜಾಯಿಂಟ್ ಮಾಡಿರ್ತೀರ, ಕಾಯಿ ನೋಡೋಕೆ ಅಂತ ನೇತಾಕಿದ ಬಲ್ಬು ಮಟ್ಟೆಗೆ ತಾಗ್ತಿರುತ್ತೆ. ಆ ಲೈನ್ ಕಿತ್ತು ಪೈಪೊಳಗೆ ಹೊಸ ವೈರ್ ಎಳೆಸಿ, ಇಲ್ಲಾ ಅಟ್ಟಕ್ಕೆ ಕರೆಂಟೇ ಬೇಡ, ಟಾರ್ಚ್ ಸಾಕು. ಸುಲಿದ ಮಟ್ಟೆ, ಗರಿ ಮನೆ ಗೋಡೆಗೆ ಒತ್ತಿ ರಾಶಿ ಹಾಕ್ಬೇಡಿ. ಒಡೆದ ಕೊಬ್ಬರಿ ಸರಿಯಾಗಿ ಒಣಗದೆ ಚೀಲಕ್ಕೆ ತುಂಬಿ ಪೇರಿಸಿದ್ರೆ ತಾನಾಗೇ ಕಾವೇರುತ್ತೆ, ಹಡಗಲ್ಲಿ ಸಾಗಿಸೋರು ಅದನ್ನ ತಾನಾಗಿ ಹೊತ್ಕೊಳ್ಳೋ ಸರಕಿನ ಲಿಸ್ಟಲ್ಲೇ ಇಟ್ಟಿದ್ದಾರೆ. ಚೀಲದೊಳಗೆ ಕೈ ಹಾಕಿ ನೋಡಿ, ಬೆಚ್ಚಗಿದ್ರೆ ಬಿಚ್ಚಿ ಹರಡಿ.

ಪ್ರಶ್ನೆ: ಬಾಣಲೆ ಎಣ್ಣೆ ಹೊತ್ಕೊಂಡ್ರೆ ನೀರು ಬೇಡ ಅಂತಾರೆ, ಮೈದಾಹಿಟ್ಟು ಹಾಕಬಹುದಾ?

ಹಿಟ್ಟೂ ಬೇಡ, ಅದೂ ಭುಗ್ ಅನ್ನುತ್ತೆ. ಸ್ಟೌ ಆಫ್ ಮಾಡಿ, ತಟ್ಟೆ ಮುಚ್ಚಿ, ಪೂರ್ತಿ ಆರೋ ತನಕ ಬಾಣಲೆ ಅಲ್ಲಾಡಿಸ್ಬೇಡಿ, ಹೊರಗೆ ಒಯ್ಯೋ ಸಾಹಸನೂ ಬೇಡ.

ಪ್ರಶ್ನೆ: ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಒಳ್ಳೇದಾ, ನಮ್ಮೂರಲ್ಲೊಬ್ರು ಕೊಡೋ ನಾಟಿ ಎಣ್ಣೆ ಒಳ್ಳೇದಾ?

ಪೇಸ್ಟು ಹಲ್ಲಿಗೆ. ಎಣ್ಣೆ ಕೊಡೋರು ಯಾರೇ ಇರ್ಲಿ, ತುಪ್ಪ, ಅರಿಶಿನ, ಇಂಕು ಇವೆಲ್ಲ ಕಾವನ್ನ ಒಳಗೇ ಹಿಡಿದಿಡುತ್ತೆ ಇಲ್ಲಾ ನಂಜು ಮಾಡುತ್ತೆ, ಆಮೇಲೆ ಡಾಕ್ಟ್ರು ಅದನ್ನ ಉಜ್ಜಿ ತೆಗೆಯೋವಾಗ ಕಿರುಚೋದು ನೀವೇ. ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡೀರಿ, ಐಸ್ ಬೇಡ. ಬಳೆ ಉಂಗುರ ಊದಿಕೊಳ್ಳೋ ಮುಂಚೆ ಬಿಚ್ಚಿ. ಸೀರೆ ಚರ್ಮಕ್ಕೆ ಅಂಟಿದ್ರೆ ಎಳೀಬೇಡಿ, ಅದರ ಮೇಲೇ ನೀರು ಹಾಕ್ಕೊಂಡು ಆಸ್ಪತ್ರೆಗೆ ನಡೀರಿ.