ಬೆಂಗಳೂರಿನ ಕೆಲಸ ಬಿಟ್ಟು ಜರ್ಮನಿಯ ಮ್ಯೂನಿಕ್‌ನ 65,000 ಯೂರೋ ಸಂಬಳಕ್ಕೆ ಹೋದರೆ ಲಾಭವೇ?

ಯೂರೋವನ್ನು ರೂಪಾಯಿಗೆ ಗುಣಿಸಿ ಹಿಗ್ಗಬೇಡಿ. ವರ್ಷಕ್ಕೆ 65,000 ಅಂದರೆ ತೆರಿಗೆ, ಪಿಂಚಣಿ, ಆರೋಗ್ಯ ವಿಮೆ ಎಲ್ಲ ಕಳೆದು ಮದುವೆಯಾಗದವರ ಕೈಗೆ ತಿಂಗಳಿಗೆ 3,400ರ ಆಸುಪಾಸು ಬರುತ್ತದೆ. ಲೆಕ್ಕ ಶುರುವಾಗಬೇಕಾದ್ದು ಅಲ್ಲಿಂದ.

ದೊಡ್ಡ ಪೆಟ್ಟು ಬಾಡಿಗೆಯದು. ಜಾಹೀರಾತಿನಲ್ಲಿ 'ಕಾಲ್ಟ್‌ಮೀಟೆ' ಎಂದಿದ್ದರೆ ಅದು ಬರೀ ಗೋಡೆಗಳ ಬೆಲೆ. ಹೀಟಿಂಗ್, ನೀರು, ಕಸದ ಖರ್ಚು ಸೇರಿದ 'ವಾರ್ಮ್‌ಮೀಟೆ'ಯನ್ನೇ ಹೋಲಿಸಿ. ಕರೆಂಟು, ಇಂಟರ್ನೆಟ್ ಸಾಮಾನ್ಯವಾಗಿ ಅದರ ಮೇಲೆ. ಅಡ್ವಾನ್ಸ್ ಮಾತ್ರ ನಮ್ಮೂರಿಗಿಂತ ವಾಸಿ: ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಹೆಚ್ಚು ಕೇಳಲು ಕಾನೂನು ಬಿಡುವುದಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಖಾಲಿ. ಸಿಂಕ್, ಒಲೆ ನೀವೇ ಹಾಕಿಸಬೇಕು. ಟೀವಿ ಇಲ್ಲದಿದ್ದರೂ ಮನೆಗೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ (ಹೊಸಬರಿಗೆಲ್ಲ ಹೊಟ್ಟೆ ಉರಿಸುವ ಖರ್ಚಿದು).

ಮಕ್ಕಳಿದ್ದರೆ ಲೆಕ್ಕವೇ ಬೇರೆ. ಸರ್ಕಾರಿ ಶಾಲೆಗೆ ಫೀಸಿಲ್ಲ. ಸಂಪಾದನೆಯಿಲ್ಲದ ಸಂಗಾತಿಗೂ ಮಕ್ಕಳಿಗೂ ಸಾರ್ವಜನಿಕ ಆರೋಗ್ಯ ವಿಮೆಯಲ್ಲಿ ಬೇರೆ ಕಂತಿಲ್ಲ. ಮೇಲೆ ಮಕ್ಕಳ ಭತ್ಯೆ. ಬೆಂಗಳೂರಿನ ಖಾಸಗಿ ಶಾಲೆಯ ಫೀಸನ್ನು ಪಕ್ಕದಲ್ಲಿ ಬರೆದುಕೊಂಡು ನೋಡಿ. ಮನೆಗೆಲಸದವರು, ಡ್ರೈವರು ಎಂಬುದನ್ನು ಮರೆತುಬಿಡಿ. ಒಬ್ಬರೇ ಹೋಗಿ ದುಡ್ಡು ಉಳಿಸಬೇಕೆಂದಿದ್ದರೆ ನನ್ನ ಮತ ಜರ್ಮನಿಯಲ್ಲೇ ಬಾಡಿಗೆ ಕಡಿಮೆಯಿರುವ ಲೈಪ್ಜಿಗ್‌ನಂಥ ಊರಿಗೆ, ಸಂಬಳ ತುಸು ಕಡಿಮೆಯಾದರೂ.