ಕಿಟೆಲರ ಊರಿನಿಂದ ಬಂದ ಕಾಗದ

ಓದುಗರ ಪತ್ರ

"ಸರ್, ನಾನು ಕೊಡಗಿನ ನಾಪೋಕ್ಲು ಕಡೆಯವಳು. ಈಗ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಎಂ.ಎ. ಓದುತ್ತಿದ್ದೇನೆ. ಬಂದು ಎಂಟು ತಿಂಗಳಾಯಿತು. ವಾರಕ್ಕೆ ಮೂರೇ ಸೆಮಿನಾರು, ಆದರೆ ಓದುವುದಕ್ಕೆ ಇನ್ನೂರು ಪುಟ. ಮುಗಿಯುವುದೇ ಇಲ್ಲ. ಕ್ಲಾಸಿನಲ್ಲಿ ಈವರೆಗೆ ಬಾಯಿ ಬಿಟ್ಟಿಲ್ಲ. ಹೋದ ವಾರ ದೇವರ ಹೆಸರಲ್ಲಿ ಬಿಟ್ಟ ಕಾಡುಗಳ ಬಗ್ಗೆ ಚರ್ಚೆ ಇತ್ತು. ನಮ್ಮೂರಲ್ಲೇ ದೇವರಕಾಡು ಉಂಟು. ಆದರೂ ಸುಮ್ನೆ ಕೂತು ಎದ್ದು ಬಂದೆ. ಊರಿಂದ ಮೂರು ಕನ್ನಡ ಪುಸ್ತಕ ತಂದಿದ್ದೆ, ಒಂದನ್ನೂ ತೆರೆದಿಲ್ಲ. ಭಾನುವಾರ ಬಂದರೆ ಅಳು ಬರುತ್ತದೆ. ಮನೆಗೆ ಫೋನ್ ಮಾಡಿದಾಗ ಎಲ್ಲ ಚೆನ್ನಾಗಿದೆ ಅಂತ ಹೇಳ್ತೀನಿ. ಸರ್, ನಾನು ಓದುವುದನ್ನೇ ಮರೆತೆನಾ?"

ಸಂಪಾದಕರ ಉತ್ತರ

ನಿಮ್ಮ ಕಾಗದ ಬಂದ ದಿನ ಮಡಿಕೇರಿಯಲ್ಲಿ ಕರೆಂಟ್ ಇರಲಿಲ್ಲ. ಜೂನ್ ತಿಂಗಳು, ನಿಮಗೆ ಹೇಳಬೇಕಾಗಿಲ್ಲ. ಆಫೀಸಿನ ಕಿಟಕಿ ಹಾಕಿ, ಫೋನಿನ ಬೆಳಕಿನಲ್ಲೇ ಓದಿದೆ. ಆಮೇಲೆ ಇನ್ನೊಂದು ಸಲ ಓದಿದೆ. ಸಾಮಾನ್ಯವಾಗಿ ಈ ಅಂಕಣದಲ್ಲಿ ನಾಲ್ಕು ಸಾಲಿನ ಉತ್ತರ ಬರೆದು ಮುಗಿಸುತ್ತೇನೆ. ಈ ಸಲ ಆಗಲಿಲ್ಲ. ಅದಕ್ಕೆ ಕಾರಣವನ್ನೂ ಹೇಳಿಬಿಡುತ್ತೇನೆ.

ನಾನೂ 1999ರಲ್ಲಿ ಅದೇ ರಾಜ್ಯದ ಬೇರೊಂದು ಊರಿಗೆ ಓದಲು ಹೋದವನು. 2001ರಲ್ಲಿ ಅರ್ಧಕ್ಕೆ ಬಿಟ್ಟು ಬಂದೆ. ಆಗ ಕಾಫಿ ಬೆಲೆ ನೆಲ ಕಚ್ಚಿತ್ತು. ಕೂಲಿ ಕೊಟ್ಟು ಕಾಫಿ ಕುಯ್ಸಿದರೆ ಗಿಟ್ಟುವುದಿಲ್ಲ ಎಂದು ಎಷ್ಟೋ ಜನ ತೋಟದ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದರು. "ಅಪ್ಪನಿಗೆ ದುಡ್ಡು ಕಳಿಸೋಕೆ ಆಗಲಿಲ್ಲ, ಬಂದೆ" ಎಂದು ಊರಲ್ಲಿ ಎಲ್ಲರಿಗೂ ಹೇಳಿದೆ. ಎಲ್ಲರೂ ನಂಬಿದರು. ಯಾಕೆಂದರೆ ಎಲ್ಲರ ಮನೆಯಲ್ಲೂ ಅದೇ ಕತೆ.

ನಿಜ ಬೇರೆ. ಅಲ್ಲಿ ಕ್ಲಾಸಿಗೆ ಹೋದರೆ ಸಾಲದು, ಪರೀಕ್ಷೆಗೆ ಬೇರೆಯಾಗಿ ಹೆಸರು ಕೊಡಬೇಕು. ಅದಕ್ಕೊಂದು ಕೊನೆಯ ದಿನ ಇರುತ್ತದೆ. ನಮ್ಮ ವಿಭಾಗದ ಬಾಗಿಲಿಗೆ ಚೀಟಿ ಅಂಟಿಸಿದ್ದರು. ದಿನಾ ಅದರ ಮುಂದೆಯೇ ಓಡಾಡಿದೆ. ಅದರಲ್ಲಿದ್ದ ಜರ್ಮನ್ ಅರ್ಧ ಗೊತ್ತಾಯಿತು, ಅರ್ಧ ಗೊತ್ತಾಗಲಿಲ್ಲ. ಪಕ್ಕದಲ್ಲಿ ನಿಂತವನನ್ನು ಕೇಳಿದ್ದರೆ ಒಂದು ನಿಮಿಷದ ಕೆಲಸ. ಕೇಳಲಿಲ್ಲ. ದಡ್ಡ ಅಂದುಕೊಂಡಾನು ಎಂಬ ನಾಚಿಕೆ. ಒಂದು ಸೆಮಿಸ್ಟರ್ ಹಾಗೆ ಹೋಯಿತು. ಅದರ ಹಿಂದೆ ಇನ್ನೊಂದು ಹೋಯಿತು. ಇದನ್ನು ನಾನು ಬರೆಯುತ್ತಿರುವುದು ಇದೇ ಮೊದಲು. ಅಪ್ಪ ಈಗ ಇಲ್ಲ, ಹಾಗಾಗಿ ಬರೆಯಬಹುದು.

ಆದ್ದರಿಂದ ನಿಮ್ಮ ಕಾಗದದಲ್ಲಿ ನನ್ನನ್ನು ಚುಚ್ಚಿದ್ದು ಇನ್ನೂರು ಪುಟ ಅಲ್ಲ, ಭಾನುವಾರವೂ ಅಲ್ಲ. "ಸುಮ್ನೆ ಕೂತು ಎದ್ದು ಬಂದೆ" ಎಂಬ ಆ ಒಂದು ಮಾತು.

ನೀವು ಓದುವುದನ್ನು ಮರೆತಿಲ್ಲ. ಕೇಳುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ, ಅಷ್ಟೆ. ಶಾಲೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದವರನ್ನು ನಾವು ಏನೆಂದು ಕರೆಯುತ್ತಿದ್ದೆವು, ನೆನಪಿದೆಯಾ? ಅಧಿಕಪ್ರಸಂಗಿ. ಪಿಯುಸಿಯಲ್ಲಿ ಮೇಷ್ಟ್ರು "ಅರ್ಥ ಆಯ್ತಾ?" ಅಂದರೆ ಇಡೀ ಕ್ಲಾಸು ಒಂದೇ ಧ್ವನಿಯಲ್ಲಿ ಆಯ್ತು ಅನ್ನುತ್ತಿತ್ತು. ಅದೇ ಅಭ್ಯಾಸವನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗುತ್ತೇವೆ, ನಮ್ಮ ಕಡೆಯ ಕಪ್ಪು ಹುಳಿ ಕಾಚಂಪುಳಿಯ ಬಾಟಲಿ ಪಕ್ಕದಲ್ಲೇ. (ನನ್ನ ಬಾಟಲಿ ದಾರಿಯಲ್ಲೇ ಸೋರಿತ್ತು. ಇದ್ದ ಒಂದೇ ಒಳ್ಳೆಯ ಷರ್ಟು ಕಪ್ಪಾಯಿತು.)

ಕೇಳದೆ ಕೆಟ್ಟದ್ದಕ್ಕೆ ಇನ್ನೂ ಎರಡು ಕತೆ ಇದೆ. ನಿಮಗೆ ನಗು ಬಂದರೆ ಬರಲಿ. ಮೊದಲ ಪ್ರಬಂಧಕ್ಕೆ ನನಗೆ 2.3 ಬಂತು. ಹತ್ತಕ್ಕೆ ಎರಡು ಚಿಲ್ಲರೆ ಅಂದುಕೊಂಡು ಮೂರು ವಾರ ಕೊರಗಿದೆ. ಅಲ್ಲಿ 1.0 ಎಲ್ಲಕ್ಕಿಂತ ಒಳ್ಳೆಯ ಅಂಕ, 4.0 ಕಟ್ಟಕಡೆಯ ಪಾಸು, 5.0 ಫೇಲು. ನನ್ನದು ಒಳ್ಳೆಯ ಅಂಕವೇ ಆಗಿತ್ತು. ಇನ್ನೊಂದು: ಒಂದು ದಿನ ನನ್ನ ಬಾಗಿಲಿಗೆ ಯಾರೋ ಸಣ್ಣ ಹಲಗೆ ನೇತುಹಾಕಿ ಹೋಗಿದ್ದರು. ಅಲಂಕಾರಕ್ಕೆ ಇರಬೇಕು ಎಂದು ಸುಮ್ಮನಿದ್ದೆ. ಎರಡು ವಾರದಲ್ಲಿ ಪಕ್ಕದ ಮನೆಯ ಅಜ್ಜಿ ಮಾತು ಬಿಟ್ಟರು. ಅದು 'ಕೇರ್‌ವೋಖೆ' ಹಲಗೆ. ಯಾರ ಬಾಗಿಲಲ್ಲಿ ಅದು ಇರುತ್ತದೋ ಆ ವಾರ ಮೆಟ್ಟಿಲು ಗುಡಿಸುವ ಸರದಿ ಅವರದು. ನೀವಿರುವ ಶ್ವಾಬಿಯಾ ಸೀಮೆಯಲ್ಲಿ ಇದು ಹಳೆಯ ಪದ್ಧತಿ. ಇಷ್ಟರಲ್ಲಿ ನಿಮ್ಮ ಬಾಗಿಲಿಗೂ ಬಂದಿರಬಹುದು.

ಈಗ ಓದಿನ ವಿಷಯ. ವಾರಕ್ಕೆ ಮೂರೇ ಸೆಮಿನಾರು, ಮತ್ತೆ ಯಾಕೆ ಉಸಿರು ಕಟ್ಟುತ್ತದೆ? ಲೆಕ್ಕ ಹಾಕಿ ನೋಡಿ. ಅಲ್ಲಿ ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಯ ಕೆಲಸ. ಆರು ಕ್ರೆಡಿಟ್ಟಿನ ಒಂದು ಸೆಮಿನಾರಿಗೆ ಸುಮಾರು 180 ಗಂಟೆ. ಇದರಲ್ಲಿ ಕ್ಲಾಸಿನಲ್ಲಿ ಕೂರುವುದು 30 ಗಂಟೆ ಆದರೆ ಜಾಸ್ತಿ. ಮಿಕ್ಕ 150 ಗಂಟೆ ನೀವೇ ಓದಬೇಕು, ಬರೆಯಬೇಕು. ನಮ್ಮಲ್ಲಿ ಕ್ಲಾಸು ಅಂದರೆ ಮೇಷ್ಟ್ರು ಬಡಿಸುವ ಊಟ. ಅಲ್ಲಿ ಕ್ಲಾಸು ಅಂದರೆ ಎಲ್ಲರೂ ಮನೆಯಲ್ಲಿ ಅಡುಗೆ ಮಾಡಿಕೊಂಡು ಬಂದು ಹಂಚಿಕೊಳ್ಳುವುದು. ಖಾಲಿ ಪಾತ್ರೆ ಹಿಡಿದು ಹೋದರೆ ಮುಜುಗರ ಆಗುತ್ತದೆ, ನಿಜ. ಆದರೆ ಅರ್ಧ ಬೆಂದದ್ದನ್ನು ತಂದರೂ ನಡೆಯುತ್ತದೆ. ಅದು ನಮಗೆ ಗೊತ್ತಿರುವುದಿಲ್ಲ.

ಇನ್ನೂರು ಪುಟವನ್ನೂ ಒಂದೇ ವೇಗದಲ್ಲಿ, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುತ್ತಿದ್ದೀರಿ ಅಂತ ನನ್ನ ಅನುಮಾನ. ನಾವು ಗೈಡು ಓದಿ ಬೆಳೆದವರು, ಯಾವುದು ಪರೀಕ್ಷೆಗೆ ಬರುತ್ತದೋ ಎಂಬ ಹೆದರಿಕೆಗೆ ಎಲ್ಲವನ್ನೂ ಓದುತ್ತೇವೆ. ನೀವು ತೋಟದ ಮನೆಯವರಾದರೆ ಇದು ಬೇಗ ಅರ್ಥವಾದೀತು. ಅರೇಬಿಕಾ ಕುಯ್ಲಿಗೆ ಎಷ್ಟು ಸಲ ಇಳಿಯುತ್ತೇವೆ? ಮೊದಲು ಫ್ಲೈ ಪಿಕ್ಕಿಂಗ್. ಅಲ್ಲೊಂದು ಇಲ್ಲೊಂದು ಹಣ್ಣಾದದ್ದನ್ನು ಮಾತ್ರ ಬಿಡಿಸಿಕೊಂಡು ಮುಂದೆ ಹೋಗುತ್ತಾರೆ. ಆಮೇಲೆ ದೊಡ್ಡ ಕುಯ್ಲು. ಕೊನೆಗೆ ಸ್ಟ್ರಿಪ್ಪಿಂಗ್, ಗಿಡದಲ್ಲಿ ಏನಿದೆಯೋ ಎಲ್ಲ. ಮೊದಲ ದಿನವೇ ಸ್ಟ್ರಿಪ್ಪಿಂಗಿಗೆ ಇಳಿದರೆ ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಬೈಯುತ್ತಾರೆ ಅಲ್ವಾ? ಪುಸ್ತಕಕ್ಕೂ ಹಾಗೇ ಇಳಿಯಿರಿ. ಮುನ್ನುಡಿ ಓದಿ, ಕೊನೆಯ ಎರಡು ಪುಟ ಓದಿ, ನಡುವಿನ ತಲೆಬರಹಗಳ ಮೇಲೆ ಕಣ್ಣಾಡಿಸಿ. ಬರೆದವರು ಯಾರ ಜೊತೆ ಜಗಳ ಮಾಡುತ್ತಿದ್ದಾರೆ ಎಂಬುದು ಅಷ್ಟರಲ್ಲೇ ಗೊತ್ತಾಗುತ್ತದೆ. ಆ ಜಗಳದಲ್ಲಿ ನಿಮಗೆ ಏನು ಕೇಳಬೇಕು ಅನ್ನಿಸಿತೋ ಅದನ್ನು ಒಂದು ಸಾಲು ಬರೆದಿಟ್ಟುಕೊಳ್ಳಿ. ಕನ್ನಡದಲ್ಲೇ ಬರೆಯಿರಿ, ಯಾರೂ ನೋಡುವುದಿಲ್ಲ. ಆಮೇಲೆ ವಾರಕ್ಕೆ ಒಂದೇ ಒಂದು ಲೇಖನವನ್ನು ಸ್ಟ್ರಿಪ್ಪಿಂಗ್ ಮಾಡಿ. ಸಾಕು.

ಆ ಒಂದು ಸಾಲೇ ಕ್ಲಾಸಿನಲ್ಲಿ ನಿಮ್ಮ ಬಾಯಿ ತೆರೆಸುತ್ತದೆ. ದೇವರಕಾಡಿನ ಚರ್ಚೆ ನಡೆಯಿತಲ್ಲ, ಅಲ್ಲಿ ಕೂತವರಲ್ಲಿ ಎಷ್ಟು ಜನ ಅಂಥ ಕಾಡಿನೊಳಗೆ ಕಾಲಿಟ್ಟಿದ್ದಾರು? ಕೊಡಗಿನಲ್ಲಿ 1,200ಕ್ಕೂ ಜಾಸ್ತಿ ದೇವರಕಾಡುಗಳಿವೆ. ಕೆಲವು ಎರಡು ಎಕರೆಯೂ ಇಲ್ಲ. ಎಷ್ಟೋ ಕಡೆ ಅಂಚಿನಲ್ಲಿ ಕಾಫಿ ಒಳಗೆ ನುಗ್ಗಿದೆ. ದೇವರ ಭಯವೂ ಉಂಟು, ಒತ್ತುವರಿಯೂ ಉಂಟು. ಎರಡೂ ಒಂದೇ ಊರಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ. ಆ ಲೇಖನದಲ್ಲಿ ಇದು ಇತ್ತಾ? ಇಲ್ಲದಿದ್ದರೆ ಅದೇ ನಿಮ್ಮ ಪ್ರಶ್ನೆ. ಕ್ಲಾಸು ಮುಗಿದುಹೋಯಿತು ಎಂದು ಬಿಡಬೇಡಿ. ಪ್ರೊಫೆಸರುಗಳು ವಾರಕ್ಕೊಮ್ಮೆ ವಿದ್ಯಾರ್ಥಿಗಳಿಗೆಂದೇ ಹೊತ್ತು ಇಡುತ್ತಾರೆ, 'ಶ್ಪ್ರೆಖ್‌ಶ್ಟುಂಡೆ' ಎನ್ನುತ್ತಾರೆ. ಆ ಬಾಗಿಲು ತಟ್ಟಲು ನನಗೆ ಒಂದೂವರೆ ವರ್ಷವೂ ಸಾಲಲಿಲ್ಲ. ನೀವು ಈ ವಾರವೇ ತಟ್ಟಿ.

ಇನ್ನು ನಿಮ್ಮ ಊರಿನ ಮಾತು. ನೀವು ಎಲ್ಲಿಗೆ ಹೋಗಿ ಕೂತಿದ್ದೀರಿ ಎಂಬುದು ನಿಮಗೆ ಗೊತ್ತುಂಟಾ ಅಂತ ನನಗೆ ಕುತೂಹಲ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಶುರು ಮಾಡಿದ ಹರ್ಮನ್ ಮೊಗ್ಲಿಂಗ್ ಓದಿದ್ದು ಟ್ಯೂಬಿಂಗನ್‌ನಲ್ಲಿ. ಆಮೇಲೆ ಅವರು ಕೊಡಗಿಗೂ ಬಂದರು. ಸಿದ್ದಾಪುರ ಕಡೆಯ ಆನಂದಪುರ ಅವರು ನೆಲೆ ಮಾಡಿದ ಜಾಗ. ಫರ್ಡಿನೆಂಡ್ ಕಿಟೆಲ್ ಅವರಂತೂ 1853ರಲ್ಲಿ ಈ ಕಡೆ ಬಂದಾಗ 21 ವರ್ಷದ ಹುಡುಗ, ನಿಮಗಿಂತ ಚಿಕ್ಕವರು. ಮಂಗಳೂರು, ಧಾರವಾಡ, ನಮ್ಮ ಮಡಿಕೇರಿ, ಎಲ್ಲ ಕಡೆ ಇದ್ದರು. ಧರ್ಮಪ್ರಚಾರಕ್ಕೆ ಬಂದವರು, ಅದನ್ನು ಮರೆಮಾಡುವುದು ಬೇಡ. ಆದರೆ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬರೀ ಕೋಣೆಯಲ್ಲಿ ಕೂತು ಮಾಡಿದ ಕೆಲಸ ಅಲ್ಲ. 1894ರಲ್ಲಿ ಅಚ್ಚಾದ ಆ ಪುಸ್ತಕದಲ್ಲಿ ಸುಮಾರು 70,000 ಪದಗಳಿವೆ. ಹಳಗನ್ನಡ ಕಾವ್ಯದ ಪದಗಳ ಪಕ್ಕದಲ್ಲೇ ಅಡುಗೆಮನೆಯ ಮಾತು, ಹೊಲದ ಮಾತು, ರಾಶಿ ರಾಶಿ ಗಾದೆಗಳು. ಪಂಡಿತರನ್ನೂ ಕೇಳಬೇಕಿತ್ತು, ದಾರಿಯಲ್ಲಿ ಸಿಕ್ಕವರನ್ನೂ ಕೇಳಬೇಕಿತ್ತು. ಇದಕ್ಕೆ ಏನಂತೀರಿ, ಅದಕ್ಕೆ ಏನಂತೀರಿ ಎಂದು ಕೇಳುವ ಆ ಬಿಳಿಯ ಹುಡುಗನನ್ನು ನೋಡಿ ನಮ್ಮವರು ಎಷ್ಟು ನಕ್ಕಿರಬೇಡ! 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ತೀರಿಕೊಂಡದ್ದೂ ಆ ಊರಲ್ಲೇ.

ಅಂದರೆ ನಿಮ್ಮ ಈಗಿನ ಊರಿನವರು ಒಂದು ಕಾಲಕ್ಕೆ ನಮ್ಮೂರಲ್ಲಿ ಪರದೇಶಿ ವಿದ್ಯಾರ್ಥಿ. ಅವರು ಮಾಡಿದ್ದನ್ನೇ ನೀವು ತಿರುಗಿಸಿ ಮಾಡಿ. ಭಾನುವಾರಕ್ಕೂ ಇದೇ ನನ್ನ ಮದ್ದು. ಅಂಗಡಿ ಮುಚ್ಚಿರುತ್ತದೆ, ರಸ್ತೆಯಲ್ಲಿ ನರಪಿಳ್ಳೆ ಇರುವುದಿಲ್ಲ, ಗೊತ್ತು. ನಮ್ಮಲ್ಲಿ ವಿರಾಜಪೇಟೆ ಸಂತೆ ದಿನ ಹೇಗಿರುತ್ತದೆ, ಅದರ ತದ್ವಿರುದ್ಧ. ಆದರೆ ಮೆಟ್ಟಿಲಲ್ಲಿ ಒಬ್ಬ ಅಜ್ಜಿ ಸಿಕ್ಕೇ ಸಿಗುತ್ತಾರೆ. ಅವರು ಆಡುವುದು ನೀವು ಕೋರ್ಸಿನಲ್ಲಿ ಕಲಿತ ಜರ್ಮನ್ ಅಲ್ಲ, ಶ್ವಾಬಿಶ್. 'ಹೌಸ್' ಅಂದರೆ ಮನೆ ಎಂದು ಕಲಿತಿರುತ್ತೀರಿ, ಅವರ ಬಾಯಲ್ಲಿ ಅದು ಪುಟ್ಟದಾಗಿ ಮುದ್ದಾಗಿ 'ಹೈಸ್‌ಲೆ' ಆಗುತ್ತದೆ. ಧಾರವಾಡದವರು ಬಂದು ಸುಳ್ಯ ಗಡಿಯ ಅರೆಭಾಷೆ ಕೇಳಿದ ಹಾಗೆ. ಮನೆಯಲ್ಲಿ ಕೊಡವ ತಕ್ಕ್, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್, ಬಸ್ಸಿನಲ್ಲಿ ಮಲಯಾಳ ಕೇಳಿ ಬೆಳೆದ ನಮ್ಮ ಕಡೆಯ ಮಕ್ಕಳಿಗೆ ಇದು ಕಷ್ಟದ ಕೆಲಸವೇ ಅಲ್ಲ. ದಿನಕ್ಕೆ ಒಂದು ಪದ ಕೇಳಿ. ಅದಕ್ಕೆ ನಿಮ್ಮ ಮನೆಮಾತಿನಲ್ಲಿ ಏನನ್ನುತ್ತಾರೋ ಪಕ್ಕದಲ್ಲಿ ಬರೆದಿಡಿ.

ಆ ಮೂರು ಕನ್ನಡ ಪುಸ್ತಕಗಳ ಬಗ್ಗೆ ಬೇಜಾರು ಮಾಡಿಕೊಳ್ಳಬೇಡಿ. ಅವು ಎಲ್ಲಿಗೂ ಹೋಗುವುದಿಲ್ಲ. ಚಳಿಗಾಲದಲ್ಲಿ ನಾಲ್ಕೂವರೆಗೇ ಕತ್ತಲಾದಾಗ ತಾವೇ ಕರೆಯುತ್ತವೆ. ನಾನು ಅಲ್ಲಿದ್ದಾಗ ಮನೆಯಿಂದ ಹುಡಿ ಕಟ್ಟಿ ಕಳಿಸಿದ ಹಳೇ ಪೇಪರಿನ ತುಂಡನ್ನು ಬಿಡಿಸಿ ಓದುತ್ತಿದ್ದೆ. ಸೋಮವಾರಪೇಟೆಯ ಹಸಿಮೆಣಸಿನ ರೇಟು ಎರಡು ವರ್ಷ ಹಳೆಯದು, ಆದರೂ ಪೂರ್ತಿ ಓದಿದ್ದೆ.

ಈ ನಡುವೆ ಮಕ್ಕಳನ್ನು ಕಳಿಸಬೇಕೆಂದಿರುವ ಅಪ್ಪ-ಅಮ್ಮಂದಿರು ಆಫೀಸಿಗೆ ಫೋನ್ ಮಾಡಿ ಖರ್ಚು ಕೇಳುತ್ತಿರುತ್ತಾರೆ. ಅವರಿಗಾಗಿ ಎರಡು ಸಾಲು. ವೀಸಾಕ್ಕೆ ಮೊದಲೇ ಒಂದು ಖಾತೆಯಲ್ಲಿ ಒಂದು ವರ್ಷದ ಖರ್ಚನ್ನು ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಇದು 11,904 ಯೂರೋ. ತಿಂಗಳಿಗೆ ತೆಗೆಯಬಹುದಾದದ್ದು 992 ಮಾತ್ರ. ಜರ್ಮನಿಯಲ್ಲಿ ಫೀಸೇ ಇಲ್ಲ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಟ್ಯೂಬಿಂಗನ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತದೆ. ಉಳಿದದ್ದನ್ನು ಏಜೆಂಟರನ್ನು ಕೇಳುವ ಬದಲು ಅಲ್ಲಿ ಓದುತ್ತಿರುವ ಮಕ್ಕಳನ್ನೇ ಕೇಳಿ.

ಮನೆಗೆ ಫೋನ್ ಮಾಡಿ ಎಲ್ಲ ಚೆನ್ನಾಗಿದೆ ಅನ್ನುತ್ತೀರಲ್ಲ, ಅದರಲ್ಲಿ ನಾನು ನಿಮಗೆ ಬುದ್ಧಿ ಹೇಳುವ ಜಾಗದಲ್ಲಿಲ್ಲ. ನನ್ನದು ಕಾಫಿ ಬೆಲೆಯ ಸುಳ್ಳು, ಇಪ್ಪತ್ತು ವರ್ಷಕ್ಕೂ ಜಾಸ್ತಿ ಬಾಳಿಕೆ ಬಂತು. ಒಂದು ಮಾತ್ರ ಹೇಳಬಲ್ಲೆ. ಅಮ್ಮನಿಗೆ "ಚೆನ್ನಾಗಿಲ್ಲ" ಅನ್ನಲು ಆಗದಿದ್ದರೆ ಏನಾದರೂ ಕೇಳಿ. ಬೈಂಬಳೆ (ಬಿದಿರಿನ ಕಳಲೆ) ಕೊಯ್ದಾಯ್ತಾ, ನಾಟಿ ಯಾವಾಗ, ದೇವರಕಾಡಿಗೆ ಹೆಂಗಸರು ಹೋಗಬಹುದಾ, ಹೋಗಬಾರದು ಅಂದರೆ ಯಾಕೆ. ಈಗ ಅಲ್ಲಿಗೂ ಇಲ್ಲಿಗೂ ಮೂರೂವರೆ ಗಂಟೆ ವ್ಯತ್ಯಾಸ. ನಿಮ್ಮ ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಅಮ್ಮ ಸಂಜೆ ಕಾಫಿಗೆ ಕೂತಿರುತ್ತಾರೆ. ಆಗ ಮಾಡಿ.

ಕೊನೆಗೆ ನನ್ನದೊಂದು ಕೆಲಸ. ಆ ಕ್ಲಾಸಿನಲ್ಲಿ ಹೇಳದೆ ಬಂದದ್ದನ್ನು ಕನ್ನಡದಲ್ಲಿ ಎರಡು ಪುಟ ಬರೆದು ಕಳಿಸಿ. ನಿಮ್ಮೂರ ದೇವರಕಾಡು, ಅದರ ಅಂಚು, ಅಲ್ಲಿನ ಜಗಳ. ಆಗಸ್ಟ್ 10ರೊಳಗೆ ಬಂದರೆ ನಮ್ಮ ಕೈಲ್‌ಪೊಳ್ದ್ ಹಬ್ಬದ ಸಂಚಿಕೆಗೆ ಹಾಕುತ್ತೇನೆ. ಗೌರವಧನ ಎಷ್ಟು ಅಂತ ಕೇಳಿ, ನಾಚಿಕೆ ಬೇಡ. ಅಲ್ಲಿ ಖಾಲಿ ಪ್ಲಾಸ್ಟಿಕ್ ಬಾಟಲಿ ವಾಪಸ್ ಕೊಟ್ಟರೆ ಒಂದಕ್ಕೆ 25 ಸೆಂಟ್ ಸಿಗುತ್ತದಲ್ಲ, ಒಂದು ಚೀಲ ಬಾಟಲಿಯಷ್ಟಾಗುತ್ತದೆ.